‘ಗಣಿಯೊಳಗಿನ ಚಂದ್ರ’ ಹೇಗಿತ್ತು

ಕಲುಂಬಾ ಬೆಂಬಾ ಕುಲದವನು, ನಾನು ಅಂಗೋನಿ. ನಮ್ಮ ಮುತ್ತಜ್ಜಂದಿರು ಒಂದು ಕಾಲದಲ್ಲಿ ಬಡಿದಾಡಿಕೊಂಡಿದ್ದರು. ರಾಜಿಯಾದಂದಿನಿಂದ ಎರಡೂ ಕುಲದವರು ಒಬ್ಬರಿಗೊಬ್ಬರು ಭಾವಂದಿರು. ನಾವು ಅವರನ್ನು ಮಂಗ ತಿನ್ನೋರು ಅಂತ, ಅವರು ನಮ್ಮನ್ನು ಇಲಿ ತಿನ್ನೋರು ಅಂತ ಹೀಯಾಳಿಸಬೇಕು, ಸಿಟ್ಟಾಗಬಾರದು. ಸಾವಿನ ಮನೆಯಲ್ಲೂ ಬಿಡುವಂತಿಲ್ಲ.

ಕಿಟ್ವೆಯ ತಾಮ್ರದ ಗಣಿಯಲ್ಲಿ ಅವನು ಬಂಡೆ ಕೊರೆಯುತ್ತಿದ್ದ. ನಾನು ಅಲ್ಲೇ ಶಾಲೆಯ ಮೇಷ್ಟ್ರು. ಪಾಳಿ ಮುಗಿಸಿ ಬಂದವನೇ ಗಿಟಾರ್ ಹಿಡಿಯುತ್ತಿದ್ದ. ತಂತಿಯ ದನಿಯನ್ನು ಒಂದು ಸಣ್ಣ ಪೆಟ್ಟಿಗೆಯೊಳಗೆ ಹಾಯಿಸಿ ಒಡೆದು, ಹೊಗೆಯ ಹಾಗೆ ಹರಡುತ್ತಿದ್ದ. ಅದಕ್ಕೆ ಸೈಕೆಡೆಲಿಕ್ ರಾಕ್ ಅನ್ನುತ್ತಾರೆಂದು ನಮಗೆ ಪತ್ರಿಕೆ ಓದಿ ಗೊತ್ತಾಯಿತು. ಗಣಿಯ ಆಳದಲ್ಲಿ ದೀಪ ಆರಿಸಿ ಕೂತರೆ ಕಿವಿಯೊಳಗೆ ಏಳುವ ಸದ್ದು ಅದು ಅನ್ನುತ್ತಿದ್ದ ಅವನು.

ಎಪ್ಪತ್ತೆಂಟರಲ್ಲಿ ಅವನ ತಂಡ ‘ಸ್ಮೆಲ್ಟರ್ಸ್’ ರಾಜಧಾನಿ ಲುಸಾಕಾದ ಸ್ಟುಡಿಯೋದಲ್ಲಿ ಒಂದು ಆಲ್ಬಮ್ ಮಾಡಿತು. ಹೆಸರು ‘ಗಣಿಯೊಳಗಿನ ಚಂದ್ರ’. ಗಡಿಯಾಚೆ ಯುದ್ಧ ನಡೆದಿತ್ತು, ಕತ್ತಲಾದರೆ ಕರ್ಫ್ಯೂ. ಹಾಗಾಗಿ ಕಿಟ್ವೆಯ ವುಸಾಕಿಲೆ ಬಡಾವಣೆಯ ಕಾರ್ಮಿಕರ ಸಭಾಂಗಣದಲ್ಲಿ ಮಟಮಟ ಮಧ್ಯಾಹ್ನವೇ ಬಿಡುಗಡೆ. ಬಂದ ಕೆಲವರು ಹಿಂದಿನ ಗೋಡೆಗೆ ಒರಗಿ ನಿಂತರು. ಯಾರೂ ಕುಣಿಯಲಿಲ್ಲ. ರುಂಬಾ ಬಾರಿಸಿ ಎಂದು ಒಬ್ಬ ಕೂಗಿದ. ರೇಡಿಯೋದವರು ಒಂದು ಹಾಡು ಹಾಕಿ, ಅರ್ಧಕ್ಕೆ ನಿಲ್ಲಿಸಿ, ತಾಮ್ರದ ಬೆಲೆ ಮತ್ತೆ ಬಿದ್ದ ಸುದ್ದಿ ಓದಿದರು. ಪತ್ರಿಕೆಗಳು ಏನೂ ಬರೆಯಲಿಲ್ಲ. ಕೆಟ್ಟದಾಗಿದೆ ಎಂದು ಬರೆದಿದ್ದರೂ ಅವನಿಗೆ ಸಾಕಾಗುತ್ತಿತ್ತು.

ಹೇಗಿದೆ ಎಂದು ಹೇಳಲು ಉಳಿದವನು ನಾನೊಬ್ಬ.

“ಮೇಷ್ಟ್ರೇ, ನೀನು ಓದಿದೋನು. ಹೇಗಿದೆ ಹೇಳೋ.”

“ಮಂಗನ ಬಾಲ ತುಳಿದ ಹಾಗಿದೆ. ನಿಮ್ಮ ಬೆಂಬಾದವರ ಅಡುಗೆಮನೇಲಿ ಇಂಥ ಸದ್ದು ಕೇಳಿದೀನಿ.”

“ಇಲಿ ತಿನ್ನೋನಿಗೆ ಏನು ಗೊತ್ತು, ಬಿಡು.”

ನಗುತ್ತಿದ್ದ. ಸ್ವಲ್ಪ ದಿನ ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದ.

ವರ್ಷಗಳಾದ ಮೇಲೆ ಗಣಿ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ನಾವು ಬಾಯಿಬಿಟ್ಟು ಹೆಸರು ಹೇಳದ ಆ ಕಾಯಿಲೆ ತಂಡದವರನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಹೋಯಿತು. ಕೊನೆಗೆ ಅವನೂ ಆಸ್ಪತ್ರೆ ಸೇರಿದ. ನಾನು ಹೋದಾಗ ಅವನ ಹೆಂಡತಿ ಬನಾಚೋಲಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

“ಭಾವ, ಇವತ್ತು ತಮಾಷೆ ಬೇಡ. ಹೇಗಿತ್ತು ಅದು?”

“ಚೆನ್ನಾಗಿತ್ತು ಕಣೋ. ನಾನು ಕೇಳಿದ್ರಲ್ಲಿ ಅಂಥದ್ದು ಇನ್ನೊಂದಿಲ್ಲ.”

ನನ್ನ ಮುಖವನ್ನೇ ನೋಡಿದ. ತುಟಿ ಅರಳಿತು. ನಕ್ಕ, ಕೆಮ್ಮಿದ, ಮತ್ತೆ ನಕ್ಕ.

“ನೋಡೇ,” ಅಂದ ಹೆಂಡತಿಗೆ, “ಸಾಯೋನನ್ನೂ ಬಿಡಲ್ಲ ಈ ಇಲಿ ತಿನ್ನೋನು.”

“ಆಣೆ ಮಾಡಿ ಹೇಳ್ತೀನಿ.”

“ಇದರ ಮೇಲೆ ಅಂಗೋನಿಯ ಆಣೆ ಬೇರೆ!” ಗೋಡೆಯ ಕಡೆ ಹೊರಳಿದ. ಆಮೇಲೆ ಅವನು ಕೇಳಲಿಲ್ಲ. ಆ ವಾರವೇ ತೀರಿಕೊಂಡ.

ಶವಪೆಟ್ಟಿಗೆ ಗುಂಡಿಗಿಳಿದ ಮೇಲೆ ಮುಂದೆ ನಿಂತು ಸತ್ತವನನ್ನು ಗೇಲಿ ಮಾಡುವುದು ಭಾವನ ಪಾಲಿನ ಕೆಲಸ. ಮಂಗನ ಮಾತು ಯೋಚಿಸಿಕೊಂಡೇ ಹೋಗಿದ್ದೆ. ಬಾಯಿಗೆ ಬರಲಿಲ್ಲ.

“ಇವನು ಒಂದು ಆಲ್ಬಮ್ ಮಾಡಿದ್ದ,” ಅಂದೆ. “ತುಂಬಾ ಚೆನ್ನಾಗಿತ್ತು.”

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿನವರೆಗೂ ಹರಿಯಿತು. ಬನಾಚೋಲಾ ಕೂಡ ಹೊದ್ದ ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು.

“ನಿಜವಾಗ್ಲೂ,” ಅಂದೆ. ಇನ್ನೂ ಜೋರಾಗಿ ನಕ್ಕರು.

“ಚೆನ್ನಾಗಿ ಹೇಳ್ದೆ, ಭಾವ,” ಎನ್ನುತ್ತ ಕಲುಂಬಾನ ಅಣ್ಣ ಕಣ್ಣೊರೆಸಿಕೊಂಡು, ಮಣ್ಣೆಳೆಯಲು ನನ್ನ ಕೈಗೆ ಸಲಿಕೆ ಕೊಟ್ಟ.