ಹಂದಿಯ ಬಾಲ ಹಿಡಿದವನು

ಮೂತ್ರನಾಳ ಹರಿದಿರಬಹುದೆಂಬ ಅನುಮಾನ ಬಂದರೆ ಕೆಳಗಿನಿಂದ ನಳಿಗೆ ತೂರಿಸಬಾರದು. ಕಿಬ್ಬೊಟ್ಟೆ ಕೊಯ್ದು ಮೂತ್ರಕೋಶಕ್ಕೆ ಮೇಲಿನಿಂದಲೇ ದಾರಿ ಮಾಡಬೇಕು. ಇದನ್ನು ನಾನು ಬಹಳ ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಜೊತೆಗೆ ಒಂದು ಕಾಡುಹಂದಿಯ ಕಥೆಯನ್ನೂ ಹೇಳುತ್ತಿದ್ದೆ. ಆ ಕಥೆಯಲ್ಲಿ ನಾಳವನ್ನು ಹರಿದದ್ದು ಹಂದಿ. ಈಗ ಹಾಗೆ ಹೇಳಲು ಧೈರ್ಯ ಸಾಲುವುದಿಲ್ಲ.

ಕೊಡಗು ಇನ್ನೂ ತನ್ನದೇ ಸಣ್ಣ ರಾಜ್ಯವಾಗಿದ್ದ ಕಾಲ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದ ನಾನು, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ರಸ್ತೆಯಲ್ಲಿದ್ದ ಒಂದು ಎಸ್ಟೇಟಿನ ಆಸ್ಪತ್ರೆಗೆ ಸೇರಿದ್ದೆ. ಎಂಟು ಮಂಚ, ನಾನು, ಒಬ್ಬ ಮಲಯಾಳಿ ಕಾಂಪೌಂಡರ್. ಅವರು ಯುದ್ಧಕಾಲದಲ್ಲಿ ಬರ್ಮಾ ಗಡಿಯ ಗುಡಾರಗಳಲ್ಲಿ ಕೈಕಾಲು ಕತ್ತರಿಸುವುದನ್ನು ದಿನವೂ ಕಂಡು ಬಂದವರು. ಅವರಿಗಿಂತ ನನಗೆ ಹೆಚ್ಚು ಗೊತ್ತು ಎಂದು ತೋರಿಸಿಕೊಳ್ಳುವ ಆತುರ ನನಗೆ.

ಒಂದು ಭಾನುವಾರ ಮಧ್ಯಾಹ್ನ ಬೇಟೆಗೆ ಹೋದವರ ಲಾರಿ ಬಂತು. ಹಿಂಭಾಗದಲ್ಲಿ ಸತ್ತ ಹಂದಿ, ಅದರ ಪಕ್ಕದಲ್ಲೇ ಏಣಿಯ ಮೇಲೆ ಮಲಗಿಸಿದ್ದ ಮನುಷ್ಯ. ಇಬ್ಬರ ರಕ್ತವೂ ಒಂದಾಗಿ ಹಲಗೆಯ ಸಂದಿಯಿಂದ ಸುರಿಯುತ್ತಿತ್ತು. ಮನುಷ್ಯ ನಮ್ಮದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಒಕ್ಕಲು ಮನೆಯವನು. ಮದುವೆಯಾಗಿ ಮೂರು ತಿಂಗಳು. ಜೊತೆಗೆ ಅವನ ಅಣ್ಣನಿದ್ದ.

"ಬ್ಯಾಡ ಕಣ್ಲಾ, ಇನ್ನೂ ಉಸ್ರಾಡ್ತೈತೆ ಅಂತ ಬಡ್ಕೊಂಡೆ ಸಾ," ಎಂದು ಅಣ್ಣ ಅಳುತ್ತಿದ್ದ. "ಬಾಲಕ್ಕೇ ಕೈ ಹಾಕ್ದ!"

ಆ ಕಡೆಯ ಬೇಟೆಯಲ್ಲಿ ಒಂದು ಪದ್ಧತಿಯಿತ್ತು. ಗುಂಡು ಹೊಡೆದವನಿಗೆ ಅವನ ಪಾಲು. ಬಿದ್ದ ಹಂದಿಯ ಬಾಲವನ್ನು ಮೊದಲು ಹಿಡಿದವನಿಗೆ, ಅವನ ಕೈಯಲ್ಲಿ ಕೋವಿ ಇಲ್ಲದಿದ್ದರೂ, ಇನ್ನೊಂದು ಪಾಲು. ರೈಟರನನ್ನು ಬೇಟೆಗೆ ಕರೆದದ್ದು ಅದೇ ಮೊದಲು. ಹೊರಗಿನವನು ಎನಿಸಿಕೊಳ್ಳಬಾರದೆಂದು ಎಲ್ಲರಿಗಿಂತ ಮುಂದೆ ಓಡಿದ್ದ. ಬಾಲ ಹಿಡಿದು ಕೂಗಿದ್ದೇ ತಡ, ಸತ್ತಂತಿದ್ದ ಹಂದಿ ಹೊರಳಿ ಎದ್ದು ಕೋರೆಯಿಂದ ಅವನ ತೊಡೆಸಂದಿಯನ್ನು ಸೀಳಿತ್ತು.

ಮೇಜಿನ ಮೇಲೆ ಮಲಗಿಸಿ ಪಂಚೆ ಕತ್ತರಿಸಿದೆವು. ಒಳತೊಡೆಯಿಂದ ವೃಷಣದ ಹಿಂಭಾಗದವರೆಗೆ ಮಾಂಸ ಬಾಯಿಬಿಟ್ಟಿತ್ತು. ಒಳಗೆ ಎಲೆ, ಮಣ್ಣು, ಹಂದಿಯ ಕೂದಲು. ಶಿಶ್ನದ ತುದಿಯಲ್ಲಿ ಒಂದೇ ಒಂದು ಹನಿ ರಕ್ತ, ನಾಳಕ್ಕೆ ಪೆಟ್ಟಾದ ಗುರುತು. ಹೊಕ್ಕುಳ ಕೆಳಗೆ ಮೂತ್ರಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಎದ್ದಿತ್ತು. ಅವನು ನನ್ನ ಮುಂಗೈ ಹಿಡಿದುಕೊಂಡ.

"ಸಾ, ನಾನು ಗಂಡ್ಸಾಗಿ ಉಳ್ಕತೀನಾ?"

"ಉಳಿತೀಯ," ಎಂದೆ. ಇದಂತೂ ನನಗೆ ಚೆನ್ನಾಗಿ ನೆನಪಿದೆ.

ಕಾಂಪೌಂಡರ್ ಮೆಲ್ಲಗೆ ಹೇಳಿದರು: "ಸಾರೇ, ಗಾಯ ಆದ ಮೇಲೆ ಮೂತ್ರ ಹೋಯ್ತಾ ಅಂತ ಕೇಳಿ."

ಇಲ್ಲಿಂದ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ನಾನು ಕೇಳುತ್ತೇನೆ, ಅವನು ಇಲ್ಲವೆಂದು ತಲೆಯಾಡಿಸುತ್ತಾನೆ. ಇನ್ನೊಂದರಲ್ಲಿ ನಾನು ಆಗಲೇ ಕುದಿಯುವ ನೀರಿನಿಂದ ಲೋಹದ ನಳಿಗೆಯನ್ನು ಎತ್ತಿಕೊಂಡಿದ್ದೇನೆ. ಮೊದಲನೆಯದನ್ನೇ ನಿಜವೆಂದು ಇಟ್ಟುಕೊಂಡಿದ್ದೆ; ಮೂತ್ರ ಹೋಗಿರದಿದ್ದರೆ ನಾಳವನ್ನು ಹಂದಿಯೇ ಹರಿದಿರಬೇಕು, ಅದು ನನಗೆ ಅನುಕೂಲವಾಗಿತ್ತು.

ನಳಿಗೆ ಸ್ವಲ್ಪ ದೂರ ಹೋಗಿ ತಡೆಯಿತು. ಒತ್ತಿದೆ. ಇನ್ನಷ್ಟು ಒತ್ತಿದೆ. ಹಸಿ ಬಟ್ಟೆ ಹರಿದಂತೆ ಏನೋ ಕೈಗೆ ತಗಲಿ ನಳಿಗೆ ಸರ್ರನೆ ಒಳಗೆ ನುಗ್ಗಿತು. ಮೂತ್ರ ಬರುತ್ತದೆಂದು ಬೋಗುಣಿ ಹಿಡಿದೆ. ಬಂದದ್ದು ಬರೀ ರಕ್ತ, ದಪ್ಪ ಧಾರೆಯಾಗಿ. ಅವನು ಕಿರುಚಿದ ರಭಸಕ್ಕೆ ಮೇಜೇ ಜರುಗಿತು. ಅಣ್ಣ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಗುದ್ದಿದ. "ಕೊಲ್ತಿದೀಯಲ್ಲೋ! ಹಂದಿನೇ ವಾಸಿ!"

ಕಾಂಪೌಂಡರ್ ಅವನನ್ನು ಎಳೆದು ಹೊರಗೆ ದಬ್ಬಿ, ಬಾಗಿಲ ಅಗುಳಿ ಹಾಕಿ, ಕತ್ತಿಯನ್ನು ನನ್ನ ಕೈಗಿಟ್ಟರು. "ಮೇಲಿಂದ ಸಾರೇ. ಈಗಲೇ." ಪ್ರಜ್ಞೆ ತಪ್ಪಿಸಲು ಅವರೇ ಈಥರ್ ಹನಿಸಿದರು. ನಾನು ಕಿಬ್ಬೊಟ್ಟೆ ಕೊಯ್ದೆ. ಮೂತ್ರಕೋಶಕ್ಕೆ ಕತ್ತಿ ತಗಲುತ್ತಲೇ ಕೆಂಪು ಮೂತ್ರ ಚಿಮ್ಮಿ ನನ್ನ ಮುಖಕ್ಕೆ ಹೊಡೆಯಿತು.

ಹೊರಗೆ ಅಂಗಳದಲ್ಲಿ ಹಂದಿ ಕಡಿಯುತ್ತಿದ್ದರು. ಕತ್ತಿ ಮೂಳೆಗೆ ಬೀಳುವ ಸದ್ದು, ತೊಡೆ ಯಾರಿಗೆಂದು ಜಗಳ. ಸಂಜೆ ಹೊರಗೆ ಬಂದಾಗ ಜಗಲಿಯ ಮೊಳೆಗೆ ಬಾಳೆಲೆಯ ಕಟ್ಟೊಂದನ್ನು ನೇತುಹಾಕಿದ್ದರು. ರೈಟರನ ಪಾಲು, ಬಾಲದ ಸಮೇತ. ಅದರಲ್ಲಿ ಒಂದು ತುಂಡನ್ನೂ ಅವರು ಕಡಿಮೆ ಮಾಡಿರಲಿಲ್ಲ.

ಅವನು ಬದುಕಿದ. ಆದರೆ ನಾಳ ಕಲೆಗಟ್ಟಿ ಕಿರಿದಾಯಿತು. ಎರಡು ತಿಂಗಳಿಗೊಮ್ಮೆ ಅದರೊಳಗೆ ಲೋಹದ ಕಡ್ಡಿ ಹಾಕಿ ಹಿಗ್ಗಿಸಬೇಕು; ಬಿಟ್ಟರೆ ಮೂತ್ರ ಕಟ್ಟುತ್ತದೆ. ಅವನಿಗಾಗಿಯೇ ನಾನು ಮತ್ತೆ ಮದ್ರಾಸಿಗೆ ಹೋಗಿ ಮೂತ್ರರೋಗಗಳ ಶಸ್ತ್ರಚಿಕಿತ್ಸೆ ಕಲಿತೆ ಎಂದು ಹೇಳಿಕೊಳ್ಳುತ್ತಿದ್ದೆ. ಮೈಸೂರಿನಲ್ಲಿ ದವಾಖಾನೆ ತೆರೆದ ಮೇಲೂ ಅವನು ಬಸ್ಸು ಹಿಡಿದು ಬರುತ್ತಿದ್ದ. ಪ್ರತಿ ಸಲ ಕಡ್ಡಿ ಒಳಗಿಳಿಯುವಾಗ ಹಂದಿಯ ವಂಶವನ್ನೆಲ್ಲ ಬೈಯುತ್ತಿದ್ದ. ಅವನಿಗೆ ಮಕ್ಕಳಾಗಲಿಲ್ಲ.

ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಂದು ದಿನ ಸುಮ್ಮನೆ ಕೇಳಿದೆ: "ಅವತ್ತು ಹಂದಿ ಗುಮ್ಮಿದ ಮೇಲೆ ಮೂತ್ರ ಹೋಗಿತ್ತೇನಯ್ಯ?"

"ಹೋಗಿತ್ತಲ್ಲ ಸಾ. ಹೊಳೆ ಹತ್ರ ಲಾರಿ ನಿಲ್ಸಿ ಹುಯ್ದೆ. ಕೆಂಪಗಿತ್ತು, ಆದ್ರೆ ಧಾರೆ ಚೆಂದಾಗೇ ಬಂತು. ಆಮ್ಯಾಕೆ ಊದ್ಕೊಂಡು ಕಟ್ಟಿದ್ದು. ನಿಮ್ಗೆ ಹೇಳಿದ್ನಲ್ಲ?"

"ನಾನು ಏನಂದೆ?"

"'ಬಾಯ್ಮುಚ್ಕಂಡು ಕಾಲಗಲಿಸು' ಅಂದ್ರಿ."

ಧಾರೆ ಬಂದಿದ್ದರೆ ನಾಳ ಪೂರ್ತಿ ಹರಿದಿರಲಿಲ್ಲ; ತಾನಾಗಿ ಕೂಡಿಕೊಳ್ಳಬಹುದಿತ್ತು. ನೋವಿನಲ್ಲಿದ್ದವನ ನೆನಪನ್ನು ನಂಬಬಹುದೇ ಎಂದು ವಾದ ಹೂಡಬಹುದು, ಹೂಡಿದ್ದೇನೆ ಕೂಡ. ಆದರೆ ಆ ಬಟ್ಟೆ ಹರಿದಂತಹ ಸ್ಪರ್ಶ ನನ್ನ ಕೈಯದು, ಅವನದಲ್ಲ.

"ಪೂರ್ತಿ ಹರಿದದ್ದು ಹಂದಿ ಅಲ್ಲ. ನಾನಿರಬೇಕು," ಎಂದೆ.

"ಹಂಗಾರೆ ಆ ಹಂದೀನ ಇಷ್ಟು ವರ್ಷ ಸುಮ್ಸುಮ್ನೆ ಬೈಕಂಡ್ನಾ?" ಎಂದು ಅವನು ನಕ್ಕ. ಕಡ್ಡಿ ಹಾಕಿಸಿಕೊಂಡ. ಆ ಸಲ ಯಾರನ್ನೂ ಬೈಯಲಿಲ್ಲ. ಪಂಚೆ ಸರಿಮಾಡಿಕೊಂಡು, ಎಂದಿನಂತೆ ಕೈಮುಗಿದು ಹೊರಟ.

ಎರಡು ತಿಂಗಳಾಯಿತು, ನಾಲ್ಕಾಯಿತು, ಬರಲಿಲ್ಲ. ಅವನ ಅಣ್ಣನ ಮಗ ಒಮ್ಮೆ ಸಿಕ್ಕಾಗ ವಿಚಾರಿಸಿದೆ. ಚಿಕ್ಕಪ್ಪ ಚೆನ್ನಾಗಿದ್ದಾರೆ, ಈಗ ಮಂಗಳೂರಿನ ಡಾಕ್ಟರ ಹತ್ತಿರ ಹೋಗುತ್ತಾರೆ ಎಂದ.