ಒಳಗೆ ಬಿಟ್ಟ ಬಟ್ಟೆ

ಮೇಲಿನ ಮನೆಯ ಅಜ್ಜಿ ಆ ಫ್ರಾಕನ್ನು ತಂದು ನನ್ನ ಹೊಲಿಗೆ ಯಂತ್ರದ ಮೇಲೆ ಹರಡಿದಾಗ, ಮೊಮ್ಮಗಳದಾ ಎಂದು ಕೇಳಿಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ. ಬಿಳಿ ಹತ್ತಿಯ ಮೇಲೆ ಹಳದಿ ನಿಂಬೆಹಣ್ಣುಗಳು, ಕತ್ತಿನ ಹಿಂದೆ ಕಟ್ಟುವ ಪಟ್ಟಿ, ಕೊಡೆಯಂತೆ ಅರಳುವ ಲಂಗ, ತೆರೆದ ಬೆನ್ನು ಮುಚ್ಚಲು ಒಂದು ಗಿಡ್ಡ ಜಾಕೆಟ್ಟು. ಅವರದೇ ಅಂತೆ. ಇಪ್ಪತ್ತರ ಹರೆಯದಲ್ಲಿ ಮೊದಲ ಸಲ ಇಟಲಿಯ ಕಡಲತೀರಕ್ಕೆ ಹೊರಟಾಗ, ಪತ್ರಿಕೆಯ ಚಿತ್ರ ನೋಡಿ ಅವರ ತಾಯಿ ಹೊಲಿದದ್ದು. ಆಗ ಅಲ್ಲಿ ಹೆಂಗಸರೆಲ್ಲ ಹೀಗೇ, ಅಗಲವಾದ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಹಗ್ಗದ ಅಟ್ಟೆಯ ಚಪ್ಪಲಿ ಹಾಕಿ ಓಡಾಡುತ್ತಿದ್ದರಂತೆ. ಈ ಬೇಸಿಗೆಯಲ್ಲಿ ಮಗಳು ಅದೇ ಊರಿಗೆ ಕರೆದೊಯ್ಯುತ್ತಾಳೆ, ಇದಾದ ಮೇಲೆ ಇನ್ನೊಮ್ಮೆ ಹೋಗಲು ನನ್ನಿಂದಾಗದು, ಅಲ್ಲಿ ಇದನ್ನೇ ತೊಡಬೇಕು, ಸೊಂಟ ಸಡಿಲ ಮಾಡಿಕೊಡು ಎಂದರು.

ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಿನ ನಮ್ಮ ಕಟ್ಟಡದಲ್ಲಿ ಎಲ್ಲರ ಪ್ಯಾಂಟು ಗಿಡ್ಡ ಮಾಡುವವಳು, ಜಿಪ್ಪು ಹಾಕುವವಳು ನಾನೇ. ಇದು ಆಗದು ಎನ್ನಲು ಬಾಯಿ ತೆರೆದಿದ್ದೆ. ಪಕ್ಕದ ಹೊಲಿಗೆ ತಿರುಗಿಸಿದರೆ ಒಳಗೆ ಎರಡು ಬೆರಳಗಲ ಬಟ್ಟೆ! ಅಲ್ಲಿಯ ಹಳದಿ ನಿನ್ನೆ ಕೊಂಡಂತಿತ್ತು. ಧಾರವಾಡದಲ್ಲಿ ನನ್ನ ಅವ್ವನೂ ಹೀಗೆಯೇ ಹೊಲಿಯುತ್ತಿದ್ದಳು.

ಕತ್ತರಿ ಹಿಡಿದರೆ ಕೈ ಏಳಲಿಲ್ಲ. ಇವು ನಿಮ್ಮ ತಾಯಿ ಕೈಯಾರೆ ಹಾಕಿದ ಹೊಲಿಗೆಗಳು, ಬಿಚ್ಚಿದರೆ ಹೋಗೇಬಿಡುತ್ತವೆ ಎಂದೆ. ಅಜ್ಜಿ ನನ್ನನ್ನೇ ದಿಟ್ಟಿಸಿದರು.

“ಬಿಚ್ಚಲಿ ಎಂದೇ ತಾನೇ ಅವಳು ಬಟ್ಟೆ ಬಿಟ್ಟದ್ದು?”

ಬಿಚ್ಚಿದೆ, ಸಡಿಲ ಬಿಟ್ಟು ಹೊಸ ಹೊಲಿಗೆ ಹಾಕಿದೆ. ಎರಡೂ ಪಕ್ಕದಲ್ಲಿ ಮಾಸದ ಹಳದಿ ಎದ್ದು ಕಾಣುತ್ತಿತ್ತು, ಅಜ್ಜಿಗೆ ಅದೇ ಖುಷಿ. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ.

ನನ್ನ ಕಪಾಟಿನಲ್ಲೂ ಒಂದು ಕುಪ್ಪಸವಿತ್ತು. ನಾನು ಜರ್ಮನಿಗೆ ಹೊರಟಾಗ ಅವ್ವ ಇಳಕಲ್ ಸೀರೆಗೆಂದು ಹೊಲಿದದ್ದು, ಅವಳ ಕೈಯ ಕೊನೆಯ ಹೊಲಿಗೆ.

“ಮೂರು ಹೊಲಿಗಿ ಹಾಕೀನಿ. ದಪ್ಪಾದ್ರ ಒಂದೊಂದ ಬಿಚ್ಚಿಕೋತ ಹೋಗು,” ಅಂದಿದ್ದಳು.

ದಪ್ಪಗಾಗಿ ಎಷ್ಟೋ ವರ್ಷವಾಯಿತು. ಅವಳು ತೀರಿಕೊಂಡ ಮೇಲೆ ಅದಕ್ಕೆ ಕತ್ತರಿ ತಾಗಿಸಲು ಮನಸ್ಸಾಗಲಿಲ್ಲ. ಮೂಸಿ ನೋಡಿ ಮತ್ತೆ ಮಡಚಿಡುತ್ತಿದ್ದೆ, ಅಷ್ಟೆ. ಅವ್ವ ಬೇಕು ಅನ್ನಿಸಿದಾಗಲೆಲ್ಲ ಅದೇ ಕೆಲಸ.

ಅಂದು ಸಂಜೆ ಮೊದಲ ಸಾಲು ಬಿಚ್ಚಿದೆ. ಹುಕ್ಕು ಹತ್ತಲಿಲ್ಲ. ಎರಡನೆಯದನ್ನೂ ಬಿಚ್ಚಿದೆ. ಮೈಗೆ ಸರಿಯಾಗಿ ಕೂತಿತು. ನಾನು ಒಂದು ಹೊಲಿಗೆಯನ್ನೂ ಹಾಕಬೇಕಾಗಲಿಲ್ಲ, ಹಿಡಿದುಕೊಂಡಿದ್ದದ್ದು ಅವ್ವನ ಮೂರನೆಯ ಸಾಲು. ಬಿಕ್ಕಿಬಿಕ್ಕಿ ಅತ್ತೆ.

ಇನ್ನು ಉಳಿದಿರುವುದು ಅದೊಂದೇ. ಅಂದಿನಿಂದ ಅನ್ನಕ್ಕೆ ತುಪ್ಪ ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ.