ತಲೆ ಕಟ್ಟಕಡೆಗೆ

ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ಕಯಾಕ್ ಎಂಬ, ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿಯ ಹುಚ್ಚು ಹಿಡಿಯಿತು. ಹೊಳೆಬಾಗಿಲಿನ ಹಿನ್ನೀರಿನಲ್ಲಿ ಅದನ್ನು ಕಲಿಸುವ ಮೇಡಂ ಕರಾವಳಿಯವರು. ತರಬೇತಿಯ ಕೊನೆಯ ಭಾನುವಾರ ಎಲ್ಲರನ್ನೂ ಸಮುದ್ರದ ದೊಡ್ಡ ಅಲೆಗೆ ಕರೆದೊಯ್ಯುತ್ತಾರಂತೆ. ಆದರೆ ದೋಣಿ ಮಗುಚಿದರೆ ಕೂತಲ್ಲಿಂದಲೇ ಹುಟ್ಟು ಬೀಸಿ ಮೇಲೇಳಲು ಬಾರದವರು ದಡದಲ್ಲಿ ಎಲ್ಲರ ಚೀಲ ಕಾಯಬೇಕಂತೆ. ಇಪ್ಪತ್ತು ವರ್ಷ ಹೊಸನಗರದ ಶಾಲೆಯಲ್ಲಿ ಮಕ್ಕಳನ್ನು ಕಾದವಳು ಇನ್ನು ಚೀಲ ಕಾಯುವುದೇ? ನನ್ನಿಂದಾಗದು.

ಕ್ರಮ ಕೇಳಲು ಬಲು ಸುಲಭ. ಮಗುಚಿದ ಮೇಲೆ ಮುಂದಕ್ಕೆ ಬಾಗಿ ಹುಟ್ಟನ್ನು ನೀರಿನ ಮೇಲ್ಮೈಗೆ ತಂದು ಬೀಸಬೇಕು. ಸೊಂಟ ಝಾಡಿಸಿ ಮೊದಲು ದೋಣಿಯನ್ನು ನೆಟ್ಟಗೆ ಮಾಡಬೇಕು. ತಲೆ ಭುಜಕ್ಕೆ ಒರಗಿ ಕಟ್ಟಕಡೆಗೆ ಬರಬೇಕು. ನನ್ನ ತಲೆಯೋ, ಪ್ರತಿ ಸಲವೂ ಮೊದಲೇ ಹೊರಗೆ! ಅದು ಎದ್ದ ಕೂಡಲೇ ದೋಣಿ ಮತ್ತೆ ಬುಡಮೇಲು. ಎರಡು ವಾರ ಹೀಗೇ ನೀರು ಕುಡಿದೆ.

ಸಮುದ್ರಕ್ಕೆ ಹೋಗುವ ಹಿಂದಿನ ದಿನ, ಶನಿವಾರ, ಮೇಡಂಗೂ ತಾಳ್ಮೆ ಮುಗಿಯಿತು. "ಅಕ್ಕಾ, ಗದ್ದ ಎಂತಕ್ಕೆ ಎತ್ತುದು ನೀವು?"

ನಾನು ಉತ್ತರಿಸಲು ಗದ್ದ ಎತ್ತಿದೆ. ದಡದಲ್ಲಿದ್ದ ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಅವ್ಳ ಬಾಯಲ್ಲಿ ಕವಳ ಇದೆ ಕಣ್ರೀ!"

ಇತ್ತು, ಸುಳ್ಳೇಕೆ ಹೇಳಲಿ. ಎಲೆಯಡಿಕೆ ಬಾಯಿಗೆ ಬೀಳದೆ ನಮ್ಮ ಕಡೆ ಯಾವ ಕೆಲಸ ಶುರುವಾಗುತ್ತದೆ? ಬಾಯಿ ತುಂಬಿದಾಗ ರಸ ಸೀರೆಗೆ ಬೀಳದ ಹಾಗೆ ಗದ್ದ ಮೇಲೆತ್ತಿ ಮಾತಾಡುವುದು ಹುಟ್ಟಿನಿಂದ ಬಂದದ್ದು. ಅದನ್ನೇ ನೀರೊಳಗೂ ಮಾಡುತ್ತಿದ್ದೆ. ಸಿಟ್ಟಿನಿಂದ ಅಲ್ಲೇ ಉಗಿದೆ. ನೀರು ಕೆಂಪಾದದ್ದು ಕಂಡು ಆಚೆ ದಡಕ್ಕೆ ಹೋಗುವ ಲಾಂಚಿಗೆ ಕಾಯುತ್ತಿದ್ದವರೊಬ್ಬರು "ಅಯ್ಯೋ ರಕ್ತ!" ಎಂದು ಕೂಗಿದರು. ಆಮೇಲೆ ಖಾಲಿ ಬಾಯಲ್ಲಿ ಸತತ ಮೂರು ಸಲ ಎದ್ದೆ.

ಭಾನುವಾರ ಸಮುದ್ರ. ಹಿನ್ನೀರಿನ ಜಂಬವೆಲ್ಲ ಮೊದಲ ಅಲೆ ಕಂಡಾಗಲೇ ಇಳಿಯಿತು. ಎರಡನೆಯದು ದೋಣಿಯನ್ನು ಅಡ್ಡಕ್ಕೆ ಹಿಡಿದು ಮಗುಚಿತು. ಕಿವಿಯೊಳಗೆ ಗುಡುಗು, ಕಣ್ಣಿಗೆ ಬರೀ ನೊರೆ. ಹೆದರಿದೆ, ಸತ್ತೇ ಹೋದೆ ಅಂದುಕೊಂಡೆ. ಹುಟ್ಟು ಬೀಸಿದೆ, ಏಳಲಿಲ್ಲ. ಅಲೆ ದಾಟಲಿ ಎಂದು ಉಸಿರು ಬಿಗಿಹಿಡಿದು ಇನ್ನೊಮ್ಮೆ ಬೀಸಿ ಸೊಂಟ ಝಾಡಿಸಿದೆ. ದೋಣಿ ಎದ್ದಿತು, ಕೊನೆಗೆ ತಲೆ.

ಖುಷಿಯಲ್ಲಿ ಕಿರುಚಿ ದಡದ ಕಡೆ ತಿರುಗಿದೆ. ಗಂಡ ದಡದಲ್ಲಿರಲಿಲ್ಲ. ಪ್ಯಾಂಟು, ಚಪ್ಪಲಿ, ಕೈಗಡಿಯಾರ ಸಮೇತ ಎದೆಮಟ್ಟದ ನೀರಿನಲ್ಲಿ ನನ್ನತ್ತ ಬರುತ್ತಿದ್ದರು.

"ಈಜು ಬರಲ್ವಲ್ರೀ ನಿಮ್ಗೆ! ಎಂತಕ್ಕೆ ಬಂದ್ರಿ?"

"ಒಂದು, ಎರಡು, ಮೂರು ಅಂತ ಎಣಿಸ್ದೆ ಮಾರಾಯ್ತಿ," ಎಂದರು, ಹಲ್ಲು ಕಟಕಟ ಅನ್ನುತ್ತಿತ್ತು. "ನೀ ಏಳ್ಲೇ ಇಲ್ಲ."

ಅಷ್ಟರಲ್ಲಿ ಬಂದ ಅಲೆ ಅವರನ್ನು ಕೆಡವಿತು. ದೋಣಿಯ ಹಿಂದಿನ ಹಿಡಿಕೆ ಅವರ ಕೈಗೆ ಕೊಟ್ಟು ದಡದವರೆಗೆ ಎಳೆದು ತಂದೆ. ದಾರಿಯುದ್ದಕ್ಕೂ ಬೈದೆ, ಅಳುತ್ತಲೇ ಬೈದೆ.